ಅಜ್ಜಿಯ ಎರಡು ಸೆಲ್ಲಿನ ರೇಡಿಯೊ ಮತ್ತು ನಮ್ಮ ಒಂದು ಗಂಟೆ

ಜುಲೈ ತಿಂಗಳ ಯಾವುದೇ ರಾತ್ರಿ ಒಂಬತ್ತೂವರೆಗೆ ನಮ್ಮ ಹಾಸ್ಟೆಲಿನ ಯಾವ ರೂಮಿಗೆ ಹೋದರೂ ಒಂದೇ ಪ್ರಶ್ನೆ: "ನಾಳೆ ರಜೆ ಉಂಟಾ?" ಹೊರಗೆ ಮಳೆ ಹೊಡೀತಾ ಇರ್ತದೆ. ಒಳಗೆ ಎಲ್ಲರ ಕಣ್ಣು ಮೊಬೈಲಿನ ಮೇಲೆ. ಅಷ್ಟರಲ್ಲಿ ಯಾವುದೋ ಗ್ರೂಪಿನಲ್ಲಿ ಜಿಲ್ಲಾಧಿಕಾರಿಗಳ ಆದೇಶದ ಫೋಟೊ ಬಂದು ಬೀಳ್ತದೆ. ಸೀಲು ಉಂಟು, ಸಹಿ ಉಂಟು. ಕಾರಿಡಾರಿನಲ್ಲಿ ಕೇಕೆ. ಐದು ನಿಮಿಷ ಬಿಟ್ಟು ಯಾರೋ ಪುಣ್ಯಾತ್ಮ ಝೂಮ್ ಮಾಡಿ ನೋಡ್ತಾನೆ. ಆದೇಶ ಹೋದ ವರ್ಷದ್ದು, ತಾರೀಕು ಮಾತ್ರ ಈ ವರ್ಷದ್ದು! ಮತ್ತೊಂದು ದಿನ ನಿಜವಾದ ಆದೇಶವೇ ಬರ್ತದೆ. ಆಗ ಇನ್ನೊಬ್ಬ ಪೂರ್ತಿ ಓದಿ ಹೇಳ್ತಾನೆ, "ಅಂಗನವಾಡಿಯಿಂದ ಪಿಯುಸಿ ತನಕ ಮಾತ್ರ ಮಾರಾಯ, ಇಂಜಿನಿಯರಿಂಗಿಗೆ ಇಲ್ಲ." ಕೇಕೆ ನಿಲ್ತದೆ. ಇಂಟರ್ನಲ್ಸಿಗೆ ಓದುವುದು ಶುರು.

ಇದರಲ್ಲಿ ನಗುವುದಕ್ಕೆ ಇರುವಷ್ಟೇ ಯೋಚಿಸುವುದಕ್ಕೂ ಉಂಟು. ವೈಫೈ, ಫೈವ್‌ಜಿ, ಒಬ್ಬೊಬ್ಬರಿಗೆ ಎರಡೆರಡು ಸಿಮ್ ಇರುವ ನಮಗೆ, ನಾವು ಕೂತಿರುವ ಊರಿನ ನಾಳೆಯ ಬಗ್ಗೆ ಒಂದು ಸರಿಯಾದ ವಾಕ್ಯ ಸಿಗಲು ಅರ್ಧ ಗಂಟೆ ಬೇಕು. ಅಮೆರಿಕದ ಯಾವ ಕಂಪೆನಿ ಎಷ್ಟು ಜನರನ್ನು ಮನೆಗೆ ಕಳಿಸಿತು ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಪರ್ಕಳದ ರಸ್ತೆಗೆ ಮರ ಬಿದ್ದಿದೆಯಾ, ಬಜೆ ಅಣೆಕಟ್ಟಿನಲ್ಲಿ ನೀರು ಎಷ್ಟು ಉಳಿದಿದೆ, ಹೋದ ಕರೆಂಟು ಯಾವಾಗ ಬರುತ್ತದೆ ಅನ್ನುವುದು ಗೊತ್ತಾಗುವುದಿಲ್ಲ.

ಈ ಖಾಲಿ ಜಾಗಕ್ಕೆ ಸರಿಯಾಗಿ ಕೂರುವ ಒಂದು ಹಳೆಯ, ಅಗ್ಗದ ಸಾಧನ ನಮ್ಮಲ್ಲೇ ಇದೆ. ಸಮುದಾಯ ಬಾನುಲಿ. ನಾವು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅದಕ್ಕೆ ವಾರಕ್ಕೆ ಒಂದು ಗಂಟೆ ಕೊಡಬೇಕು ಅನ್ನುವುದು ನನ್ನ ವಾದ. ಯಾಕೆ ಅಂತ ಹೇಳುವ ಮೊದಲು ಒಂದು ಮನೆಯ ಕಥೆ.

ಅಜ್ಜಿಮನೆಯಲ್ಲಿ ಕಂಡದ್ದು

2020ರ ಸೆಪ್ಟೆಂಬರ್ 20, ಭಾನುವಾರ. ಉಡುಪಿಯವರು ಈ ತಾರೀಕನ್ನು ಸುಲಭಕ್ಕೆ ಮರೆಯುವುದಿಲ್ಲ. ರಾತ್ರಿಯಿಡೀ ಸುರಿದ ಮಳೆಗೆ ಬೆಳಗಾಗುವಷ್ಟರಲ್ಲಿ ಹೊಳೆಗಳು ಉಕ್ಕಿ, ತಗ್ಗಿನ ಮನೆಗಳಿಂದ ಜನರನ್ನು ದೋಣಿಯಲ್ಲಿ ಹೊರಗೆ ತರಬೇಕಾಯಿತು. ಎನ್‌ಡಿಆರ್‌ಎಫ್ ತಂಡ ಬಂತು. ಅದು ಕೊರೊನಾ ಕಾಲ. ಹೈಸ್ಕೂಲಿನಲ್ಲಿದ್ದ ನಾನು ಆನ್‌ಲೈನ್ ಕ್ಲಾಸಿನ ನೆಪದಲ್ಲಿ ಕಾಪು ತಾಲೂಕಿನ ಶಂಕರಪುರದ ಹತ್ತಿರ ಅಜ್ಜಿಮನೆಯಲ್ಲಿ ಇದ್ದೆ. ತೋಟದ ಬದಿಯ ತೋಡು ತುಂಬಿ ಮಲ್ಲಿಗೆ ಗಿಡಗಳ ಬುಡ ಮುಳುಗಿತ್ತು. ಮೊದಲು ಕರೆಂಟ್ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದಿರಬೇಕು, ಮೊಬೈಲಿನ ಸಿಗ್ನಲ್ಲೂ ಹೋಯಿತು. ಮನೆಯಲ್ಲಿ ಐದು ಮೊಬೈಲು, ಒಂದು ಲ್ಯಾಪ್‌ಟಾಪು. ಒಂದೂ ಪ್ರಯೋಜನಕ್ಕಿಲ್ಲ.

ನಡೆಯುತ್ತಿದ್ದದ್ದು ಒಂದೇ, ಅಡುಗೆಕೋಣೆಯ ಕಿಟಕಿಯಲ್ಲಿ ಇದ್ದ ಅಜ್ಜಿಯ ಎರಡು ಸೆಲ್ಲಿನ ರೇಡಿಯೊ. ಎಲ್ಲರೂ ಅದರ ಸುತ್ತ ಕೂತೆವು. ಮಂಗಳೂರು ಆಕಾಶವಾಣಿ ಕರಾವಳಿಯಲ್ಲಿ ಭಾರಿ ಮಳೆಯಾಗುತ್ತಿದೆ, ತಗ್ಗು ಪ್ರದೇಶದವರು ಎಚ್ಚರದಿಂದ ಇರಬೇಕು ಅಂತ ಹೇಳಿತು. ಅಂಗಳದ ನೀರು ನೋಡುತ್ತಾ ಅತ್ತೆ, "ಅದು ನಮಗೂ ಗೊತ್ತುಂಟು" ಅಂದರು. ಅಜ್ಜಿಗೆ ಕಿವಿ ಸ್ವಲ್ಪ ಮಂದ. ಪ್ರತಿ ಸಲವೂ ತುಳುವಿನಲ್ಲಿ ಕೇಳುತ್ತಿದ್ದರು, "ರೇಡಿಯೊಡು ದಾದ ಪಂಡೆರ್?" ಏನು ಹೇಳಿದರು ಅಂತ. ಹೇಳುವುದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ.

ಇದರಲ್ಲಿ ಆಕಾಶವಾಣಿಯ ತಪ್ಪಿಲ್ಲ. ಜಿಲ್ಲೆ ಜಿಲ್ಲೆಗಳಿಗೇ ಮಾತಾಡಬೇಕಾದ ಕೇಂದ್ರ ಅದು. ನಮಗೆ ಬೇಕಾಗಿದ್ದದ್ದು ಬಹಳ ಸಣ್ಣ ವಿಷಯ. ಕಟಪಾಡಿಗೆ ಹೋಗುವ ರಸ್ತೆಯಲ್ಲಿ ನೀರು ಇಳಿದಿದೆಯಾ? ಅಜ್ಜನ ಶುಗರ್ ಮಾತ್ರೆ ಮುಗಿದಿತ್ತು, ಮೆಡಿಕಲ್ ತೆರೆದಿದೆಯಾ? ಮಾವ ಮೊಣಕಾಲು ಮುಳುಗುವ ನೀರಿನಲ್ಲಿ ನಡೆದುಕೊಂಡು ಹೋಗಿ, ಬಾಗಿಲು ಹಾಕಿದ ಅಂಗಡಿ ನೋಡಿ ವಾಪಸ್ ಬಂದರು. ಇನ್ನೊಂದು ದಿಕ್ಕಿನಲ್ಲಿ, ಎರಡೇ ಕಿಲೋಮೀಟರ್ ಆಚೆ, ಒಂದು ಮೆಡಿಕಲ್ ಆ ದಿನವಿಡೀ ತೆರೆದೇ ಇತ್ತಂತೆ. ನಮಗೆ ಅದು ಗೊತ್ತಾದದ್ದು ಮೂರನೇ ದಿನ. ಅಜ್ಜನಿಗೆ ಏನೂ ಆಗಲಿಲ್ಲ, ದೇವರ ದಯೆ. ಆದರೆ ಎರಡು ಕಿಲೋಮೀಟರ್ ದೂರದ ಸುದ್ದಿ ತಲುಪಲು ಮೂರು ದಿನ ಬೇಕಾಯಿತು ಅನ್ನುವುದು ನನ್ನ ತಲೆಯಿಂದ ಹೋಗಿಲ್ಲ.

ಕ್ರಿಕೆಟ್ ಕೇಸಿನಿಂದ ಬಂದ ರೇಡಿಯೊ

ನಮ್ಮಲ್ಲಿ ರೇಡಿಯೊ ಮೂರು ಬಗೆಯದ್ದು. ಒಂದು ಸರ್ಕಾರದ ಆಕಾಶವಾಣಿ. ಎರಡನೆಯದು ಜಾಹೀರಾತಿನಿಂದ ನಡೆಯುವ ಖಾಸಗಿ ಎಫ್‌ಎಂ. ಮೂರನೆಯದು ಸಮುದಾಯ ಬಾನುಲಿ. ಇದು ಲಾಭಕ್ಕಾಗಿ ನಡೆಯುವಂಥದ್ದಲ್ಲ. ವಿದ್ಯಾಸಂಸ್ಥೆಗಳು, ಕೃಷಿ ವಿಜ್ಞಾನ ಕೇಂದ್ರಗಳು, ಊರಿನಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳು ನಡೆಸಬಹುದು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಊರವರೇ ಸೇರಿ ತಯಾರಿಸಿದ್ದಾಗಿರಬೇಕು ಅನ್ನುವುದು ನಿಯಮ.

ಇದರ ಹಿಂದೆ ಇರುವುದು ಒಂದು ಕ್ರಿಕೆಟ್ ಜಗಳ. 1993ರ ಹೀರೋ ಕಪ್ ಪಂದ್ಯಗಳನ್ನು ಯಾರು ಪ್ರಸಾರ ಮಾಡಬೇಕು ಅಂತ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ತಕರಾರು ಬಂತು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1995ರ ಫೆಬ್ರವರಿಯಲ್ಲಿ ತೀರ್ಪು ಬಂತು. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕ ಸೊತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಅನ್ನುವುದು ಅದರ ಸಾರ. ಅಲ್ಲಿಂದ ಏಳು ವರ್ಷ ಕಳೆದು, 2002ರ ಕೊನೆಗೆ ವಿದ್ಯಾಸಂಸ್ಥೆಗಳಿಗೆ ಅನುಮತಿ ಕೊಡುವ ನೀತಿ ಬಂತು. 2004ರಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದಲ್ಲಿ ದೇಶದ ಮೊದಲ ಕ್ಯಾಂಪಸ್ ಸಮುದಾಯ ಬಾನುಲಿ ಶುರುವಾಯಿತು. ಗಮನಿಸಿ, ಅದು ಇಂಜಿನಿಯರಿಂಗಿಗೆ ಹೆಸರಾದ ವಿಶ್ವವಿದ್ಯಾಲಯ. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಈಗ ದೇಶದಲ್ಲಿ ಇಂಥ ಕೇಂದ್ರಗಳು 500ಕ್ಕೂ ಹೆಚ್ಚು.

ಕರ್ನಾಟಕದವರು ಇಷ್ಟು ವರ್ಷ ಕಾಯುತ್ತಾ ಕೂರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಅಂತ ಒಂದು ಕೇಂದ್ರ ಇತ್ತು. ಗಾಳಿಯಲ್ಲಿ ಪ್ರಸಾರ ಮಾಡಲು ಲೈಸೆನ್ಸ್ ಸಿಗುವಂತಿರಲಿಲ್ಲ. ಅವರು ಕಾನೂನು ಮುರಿಯಲೂ ಇಲ್ಲ, ಕೈಕಟ್ಟಿ ಕೂರಲೂ ಇಲ್ಲ. ಟಿವಿ ಕೇಬಲ್ಲಿನಲ್ಲೇ ಧ್ವನಿ ಕಳಿಸಿ ಮನೆಮನೆಗೆ ತಲುಪಿಸಿದರು. ಹೀಗೆ ದಾರಿ ಹುಡುಕುವುದನ್ನೇ ಅಲ್ವಾ ನಾವು ನಾಲ್ಕು ವರ್ಷ ಕಲಿಯುವುದು? ಇನ್ನೂ ಹಿಂದಕ್ಕೆ ಹೋದರೆ, 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ಶುರುಮಾಡಿದ್ದರು. 'ಆಕಾಶವಾಣಿ' ಅನ್ನುವ ಹೆಸರು ಬಂದದ್ದೇ ಅಲ್ಲಿಂದ. ಅಂದರೆ ಕನ್ನಡದ ರೇಡಿಯೊ ಹುಟ್ಟಿದ್ದು ಒಬ್ಬ ಮೇಷ್ಟ್ರ ಮನೆಯಲ್ಲಿ.

ನಮ್ಮ ಕರಾವಳಿಗೆ ಬಂದರೆ, ಮಂಗಳೂರಿನ ಸೇಂಟ್ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ 107.8 ಉಂಟು. ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಅದರಲ್ಲಿ ಕೇಳಿಸುತ್ತವೆ. ಇಲ್ಲೇ ಮಣಿಪಾಲದಲ್ಲಿ ಸಂವಹನ ಕಾಲೇಜಿನಿಂದ ನಡೆಯುವ ರೇಡಿಯೊ ಮಣಿಪಾಲ್ 90.4 ಉಂಟು. ನಮ್ಮ ಕ್ಲಾಸಿನಲ್ಲಿ ಎಷ್ಟು ಜನ ಕೇಳಿದ್ದೀರಿ ಅಂತ ವಿಚಾರಿಸಿದೆ. ಅರವತ್ತು ಮಂದಿಯಲ್ಲಿ ಏಳು ಕೈ ಮೇಲೆದ್ದವು. ಅದರಲ್ಲಿ ನಾಲ್ವರು ಕೇಳಿದ್ದು ರಿಕ್ಷಾದಲ್ಲಿ.

100 ವ್ಯಾಟಿನ ಲೆಕ್ಕ

ಈಗ ಸ್ವಲ್ಪ ನಮ್ಮ ಸಿಲೆಬಸ್. ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಕೊಡುವ ಶಕ್ತಿ 100 ವ್ಯಾಟ್ ಇಆರ್‌ಪಿ. ಆಂಟೆನಾ ನೆಲದಿಂದ 30 ಮೀಟರಿಗಿಂತ ಎತ್ತರ ಇರಬಾರದು. ರೇಡಿಯೊ ದಿಗಂತದ ಸೂತ್ರ ನೆನಪಿದೆಯಾ? ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. 30 ಮೀಟರಿಗೆ ಸುಮಾರು 22 ಕಿಲೋಮೀಟರ್. ಇದು ಕಾಗದದ ಮೇಲಿನ ಲೆಕ್ಕ. ಶಕ್ತಿ ಕಡಿಮೆ, ನಡುವೆ ಗುಡ್ಡ, ತೆಂಗಿನ ತೋಟ, ಕಟ್ಟಡ ಎಲ್ಲ ಸೇರಿ ಚೆನ್ನಾಗಿ ಕೇಳುವುದು 10ರಿಂದ 15 ಕಿಲೋಮೀಟರ್ ಅಷ್ಟೆ.

ಮಣಿಪಾಲದ ಗುಡ್ಡದ ಮೇಲೆ ನಿಂತು ಈ ವೃತ್ತ ಎಳೆದು ನೋಡಿ. ಉಡುಪಿ, ಮಲ್ಪೆ, ಹಿರಿಯಡ್ಕ ಒಳಗೆ ಬರುತ್ತವೆ. ಕಾಪು ನೇರ ಗೆರೆಯಲ್ಲಿ ಸುಮಾರು 15 ಕಿಲೋಮೀಟರ್, ಅಂದರೆ ಅಂಚಿನಲ್ಲಿ. ಕಾರ್ಕಳ ಸುಮಾರು 27 ಕಿಲೋಮೀಟರ್, ಪೂರ್ತಿ ಹೊರಗೆ. ನನ್ನ ಅಮ್ಮನ ಊರು ಕಾರ್ಕಳ. ಅಲ್ಲಿಗೆ ಹೋಗುವಾಗ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ 90.4 ಇಟ್ಟರೆ, ದಾರಿ ಸಾಗಿದ ಹಾಗೆ ಮಾತು ಕರಗಿ ಬರೀ ಸೊರ್ ಅನ್ನುವ ಸದ್ದು ಉಳಿಯುತ್ತದೆ.

ಇದನ್ನು ಕೊರತೆ ಅಂತ ನೋಡಬಹುದು. ನಾನು ಹಾಗೆ ನೋಡುವುದಿಲ್ಲ. ಚೆನ್ನೈಯ ಅಣ್ಣಾ ಎಫ್‌ಎಂ, ಬೆಂಗಳೂರಿನ ರೇಡಿಯೊ ಆಕ್ಟಿವ್, ವಯನಾಡಿನ ರೇಡಿಯೊ ಮಾಟ್ಟೊಲಿ, ರಾಮೇಶ್ವರದ ಹತ್ತಿರ ಪಾಂಬನಿನ ಮೀನುಗಾರರ ಕಡಲ್ ಓಸೈ, ನಮ್ಮ ಮಣಿಪಾಲ, ಎಲ್ಲವೂ ಇರುವುದು ಒಂದೇ 90.4ರಲ್ಲಿ! ಒಬ್ಬರ ಮಾತು ಇನ್ನೊಬ್ಬರಿಗೆ ತಾಗುವಷ್ಟು ದೂರ ಹೋಗುವುದಿಲ್ಲ, ಅದಕ್ಕೇ ಒಂದೇ ಕಂಪನಾಂಕದಲ್ಲಿ ಎಲ್ಲರೂ ಬದುಕಿದ್ದಾರೆ. ಮೊಬೈಲ್ ಟವರುಗಳ ಪಾಠದಲ್ಲಿ ಓದುವ ಮರುಬಳಕೆಯ ತತ್ವ ಇದೇ. ದೂರ ಹೋಗದ ರೇಡಿಯೊ ಹತ್ತಿರದವರಿಗೇ ಮಾತಾಡಬೇಕು, ಬೇರೆ ದಾರಿ ಇಲ್ಲ. ಬೆಂಗಳೂರಿನ ಟ್ರಾಫಿಕ್ಕು, ಮುಂಬೈಯ ಸಿನಿಮಾ ಗಾಸಿಪ್ಪು ಹೇಳಿ ಹೊಟ್ಟೆ ತುಂಬಿಸಿಕೊಳ್ಳುವ ಅವಕಾಶವೇ ಅದಕ್ಕಿಲ್ಲ.

ಹೇಳಲಿಕ್ಕೆ ಎಂತ ಉಂಟು?

ಒಬ್ಬ ಗೆಳೆಯ ಕೇಳಿದ, "ಹದಿನೈದು ಕಿಲೋಮೀಟರಿನಲ್ಲಿ ದಿನಾ ಹೇಳುವಂಥದ್ದು ಎಂತ ಉಂಟು ಮಾರಾಯ?" ಅವನಿಗೆ ಕೊಟ್ಟ ಪಟ್ಟಿಯನ್ನೇ ಇಲ್ಲಿ ಕೊಡುತ್ತೇನೆ.

ಮೊದಲು ಮಲ್ಲಿಗೆ. ಜಿಐ ಟ್ಯಾಗ್ ಇರುವ ಉಡುಪಿ ಮಲ್ಲಿಗೆಯ ಊರು ಶಂಕರಪುರ. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಚೆಂಡು ಮಾಡುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ರೇಟು ದಿನದಿನಕ್ಕೂ ಬದಲು. ಮದುವೆ ಸೀಸನ್ನು, ವರಮಹಾಲಕ್ಷ್ಮಿ ಹಬ್ಬ, ಮುಂಬೈಯ ಬೇಡಿಕೆ, ಮಳೆ ಎಲ್ಲವೂ ಅದರಲ್ಲಿ ಸೇರಿದೆ. ಅಜ್ಜಿಯಂಥ ಎಷ್ಟೋ ಹೆಂಗಸರಿಗೆ ಕೈಗೆ ಬರುವ ಸ್ವಂತ ಹಣ ಇದು. ಮಗಳ ಫೀಸು, ಸೊಸೈಟಿಯ ಕಂತು ಇದರಿಂದ ಹೋಗುತ್ತದೆ. ನಾವು ಷೇರು ಮಾರುಕಟ್ಟೆಯ ಗ್ರಾಫ್ ನೋಡಿದ ಹಾಗೆ ಅವರು ಅಟ್ಟೆಯ ರೇಟನ್ನು ಕಾಯುತ್ತಾರೆ. ರೇಟಿನ ಜೊತೆ ಎರಡು ನಿಮಿಷ ಗಿಡದ ರೋಗದ ಬಗ್ಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರು ಮಾತಾಡಿದರೆ, ಅದಕ್ಕಿಂತ ಹೆಚ್ಚು ಕೇಳುಗರಿರುವ ಪಾಡ್‌ಕಾಸ್ಟ್ ಆ ಊರಿನಲ್ಲಿ ಇರಲಿಕ್ಕಿಲ್ಲ.

ಎರಡನೆಯದು ಕಡಲು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ 'ಕೋರಮಂಡಲ್ ಸಪೋರ್ಟರ್' ಅನ್ನುವ ಟಗ್ ಕಾಪು ಕಡಲಿನಲ್ಲಿ ಬಂಡೆಗಳ ನಡುವೆ ಸಿಕ್ಕಿಬಿತ್ತು. ಮೇ 17ರಂದು ಅದರಲ್ಲಿದ್ದ ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕೋಸ್ಟ್ ಗಾರ್ಡಿನವರು ಕಾಪಾಡಿದರು. ಆ ದಿನ ಕಾಪು ದೇಶದ ಟಿವಿಗಳಲ್ಲೆಲ್ಲ ಬಂತು. ಮರುದಿನ ಕ್ಯಾಮೆರಾಗಳು ಹೋದವು. ಕಡಲ್ಕೊರೆತಕ್ಕೆ ತೆಂಗಿನಮರ ಕಳಕೊಂಡ ಮನೆಯವರು ಅಲ್ಲೇ ಉಳಿದರು. 1901ರಿಂದ ಬೆಳಕು ಕೊಡುತ್ತಿರುವ ಕಾಪುವಿನ ದೀಪಸ್ತಂಭ ಸುದ್ದಿ ಇದ್ದಾಗ ಮಾತ್ರ ಉರಿಯುವುದಲ್ಲ. ಊರಿನ ರೇಡಿಯೊ ಕೂಡ ಹಾಗಿರಬೇಕು. ಪಾಂಬನಿನ ಕಡಲ್ ಓಸೈ 2016ರಿಂದ ಮೀನುಗಾರರ ನಡುವೆ ಅದನ್ನೇ ಮಾಡುತ್ತಿದೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ 61 ದಿನ ಮಲ್ಪೆಯಲ್ಲಿ ಬಲೆ ಹೆಣೆಯುತ್ತಾ ಕೂರುವವರ ಹತ್ತಿರ ಎಷ್ಟು ಕಥೆ ಇರಬಹುದು, ಯಾರಾದರೂ ಹೋಗಿ ಕೇಳಿದ್ದೇವಾ?

ಮೂರನೆಯದು ನನಗೆ ತುಂಬ ಇಷ್ಟವಾದದ್ದು, ಒಂದು ಕಪ್ಪೆ. ಮಣಿಪಾಲದ ಸುತ್ತಮುತ್ತಲಿನ ಮುರಕಲ್ಲಿನ ಪಾರೆಗಳಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಪ್ಪೆಯೊಂದು ಇದೆ. 2016ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದ ಅಂತ ಗುರುತಿಸಿ, ಆ ಕಲ್ಲಿನ ಹೆಸರನ್ನೇ ಇಟ್ಟು 'ಮೈಕ್ರೊಹೈಲಾ ಲ್ಯಾಟರೈಟ್' ಅಂತ ಕರೆದರು. ಅದರ ಕೂಗು ಜೀರುಂಡೆಯ ಹಾಗೆ. ಮಳೆಗಾಲದ ರಾತ್ರಿ ನಾವು ಹುಳ ಅಂದುಕೊಂಡು ಕಿಟಕಿ ಹಾಕಿಕೊಳ್ಳುವ ಸದ್ದಿನಲ್ಲಿ ಅದೂ ಇರಬಹುದು. ಸರ್ಕಾರಿ ಕಾಗದದಲ್ಲಿ ಇಂಥ ಪಾರೆ ಜಾಗ ಹೆಚ್ಚಾಗಿ 'ಬಂಜರು'. ಕಲ್ಲು ಕಡಿಯಲು, ಕಸ ಸುರಿಯಲು, ಕಟ್ಟಡ ಕಟ್ಟಲು ಒಳ್ಳೆಯ ಜಾಗ ಅಂತ ಲೆಕ್ಕ. ಈ ಕಪ್ಪೆಯನ್ನು ಟಿವಿಯಲ್ಲಿ ತೋರಿಸಿದರೆ ಒಂದು ಕಂದು ಚುಕ್ಕೆ ಅಷ್ಟೆ. ರೇಡಿಯೊದಲ್ಲಿ ಅದರ ಕೂಗನ್ನು ಅರ್ಧ ನಿಮಿಷ ಕೇಳಿಸಿ, "ಇದು ನಿಮ್ಮ ಮನೆಯ ಹಿಂದೆ ಕೇಳಿಸುತ್ತದಾ? ಫೋನ್ ಮಾಡಿ" ಅಂದರೆ ಊರಿಗೆ ಊರೇ ಸರ್ವೆ ಮಾಡುತ್ತದೆ.

ಕೊನೆಯದು ನೀರು. ಕಾರ್ಕಳ ತಾಲೂಕಿನ ಘಟ್ಟದ ಬುಡದಿಂದ ಬರುವ ಸ್ವರ್ಣಾ ನದಿಯಿಂದಲೇ ಕಾರ್ಕಳ ಪೇಟೆಗೆ ಮುಂಡ್ಲಿಯಲ್ಲಿ ನೀರು ಎತ್ತುತ್ತಾರೆ. ಅದೇ ನದಿ ಕೆಳಗೆ ಹರಿದು ಬಜೆಯಲ್ಲಿ ನಿಂತು ಉಡುಪಿ ಮತ್ತು ಮಣಿಪಾಲದ ನಲ್ಲಿಗಳಿಗೆ ಬರುತ್ತದೆ. 2019ರ ಮೇ ತಿಂಗಳಲ್ಲಿ ಬಜೆ ಬತ್ತಿ, ನದಿಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪು ಹಾಕಿ ಎತ್ತಬೇಕಾಯಿತು. ಹಾಸ್ಟೆಲಿನ ಬಕೆಟ್ ತುಂಬುವ ನೀರು ಎಲ್ಲಿಂದ ಬರುತ್ತದೆ ಅಂತ ನಾಲ್ಕು ವರ್ಷ ಇದ್ದು ಹೋಗುವ ನಮಗೆ ಗೊತ್ತಿಲ್ಲ. ಮೇಲಿನ ಊರಿನವರಿಗೆ ಕೆಳಗಿನವರ ಕಷ್ಟ ಗೊತ್ತಿಲ್ಲ. ಬೇಸಿಗೆಯಲ್ಲಿ ದಿನಾ ಬೆಳಗ್ಗೆ ಬಜೆಯ ನೀರಿನ ಮಟ್ಟ ಎಷ್ಟು ಅಂತ ಒಂದು ಸಾಲು ಹೇಳಿದರೂ ಶವರಿನ ಕೆಳಗೆ ಹಾಡುವ ಸಮಯ ಸ್ವಲ್ಪ ಕಡಿಮೆಯಾದೀತು.

"ವಾಟ್ಸಾಪ್ ಇಲ್ವಾ?"

ಉಂಟು. ನಾನೂ ಹದಿನೇಳು ಗ್ರೂಪಿನಲ್ಲಿ ಇದ್ದೇನೆ. ಆದರೆ ಮೊದಲು ಹೇಳಿದ ರಜೆಯ ಆದೇಶ ನೆನಪು ಮಾಡಿಕೊಳ್ಳಿ. ಅದನ್ನು ತಿದ್ದಿದವನು ಯಾರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸಮುದಾಯ ಬಾನುಲಿಯಲ್ಲಿ ಹೇಳಿದ ಮಾತಿಗೆ ವಿಳಾಸ ಉಂಟು. ಪ್ರಸಾರವಾದ ಕಾರ್ಯಕ್ರಮವನ್ನು ಮೂರು ತಿಂಗಳು ಕಾದಿಡಬೇಕು ಅಂತ ನಿಯಮವೇ ಇದೆ. ತಪ್ಪು ಹೇಳಿದರೆ ಹೋಗಿ ಕೇಳಬಹುದು.

ಇನ್ನೊಂದು, ಗ್ರೂಪಿಗೆ ಯಾರಾದರೂ ನಮ್ಮನ್ನು ಸೇರಿಸಬೇಕು. ರೇಡಿಯೊಗೆ ಯಾರೂ ಸೇರಿಸಬೇಕಾಗಿಲ್ಲ. ಓದಲು ಬಾರದ ಅಜ್ಜಿಗೆ, ಹೂ ಕಟ್ಟುತ್ತಾ ಎರಡೂ ಕೈ ಕೆಲಸದಲ್ಲಿರುವ ಅತ್ತೆಗೆ, ಗದ್ದೆಯಲ್ಲಿರುವವರಿಗೆ, ರಿಕ್ಷಾ ಓಡಿಸುವವರಿಗೆ ಅದು ಸಮಾನವಾಗಿ ಕೇಳುತ್ತದೆ. ಟವರು ಮಲಗಿದ ದಿನವೂ ಕೇಳುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಮೊಬೈಲುಗಳಲ್ಲಿ ಎಫ್‌ಎಂ ಸೌಲಭ್ಯ ಮುಚ್ಚಬೇಡಿ ಅಂತ ಕಂಪೆನಿಗಳಿಗೆ ಸೂಚನೆ ಕೊಟ್ಟದ್ದಕ್ಕೂ ವಿಪತ್ತಿನ ಹೊತ್ತಿನ ಈ ಉಪಯೋಗವೇ ಒಂದು ಕಾರಣ. ನಿಮ್ಮ ಫೋನಿನಲ್ಲಿ ಎಫ್‌ಎಂ ಉಂಟಾ ನೋಡಿ. ವಯರಿನ ಇಯರ್‌ಫೋನ್ ಒಂದು ಇಟ್ಟುಕೊಳ್ಳಿ, ಅದರ ವಯರೇ ಆಂಟೆನಾ. 90.4ರ ತರಂಗದ ಕಾಲು ಭಾಗ ಅಂದರೆ ಸುಮಾರು 83 ಸೆಂಟಿಮೀಟರ್, ಹೆಚ್ಚುಕಡಿಮೆ ಅಷ್ಟೇ ಉದ್ದ.

ಒಪ್ಪಬೇಕಾದ ಕೊರತೆಗಳು

ಹೊಗಳಿಕೆ ಸಾಕು. ತೊಂದರೆಗಳೂ ಉಂಟು.

ಒಂದು, ಕಾನೂನಿನದ್ದು. ಸಮುದಾಯ ಬಾನುಲಿ ಸ್ವಂತ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಮಾತ್ರ ಹೇಳಬಹುದು. ಯೂಟ್ಯೂಬಿನಲ್ಲಿ ಯಾರು ಏನು ಬೇಕಾದರೂ ಕಿರುಚಬಹುದು, ಲೈಸೆನ್ಸ್ ಪಡೆದ ಕೇಂದ್ರ ಮಾತ್ರ ಪುರಸಭೆಯ ಮೀಟಿಂಗಿನಲ್ಲಿ ಏನಾಯಿತು ಅಂತ ವರದಿ ಮಾಡುವಂತಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಆದರೆ ನೀರು, ಕರೆಂಟು, ಹವಾಮಾನ, ವಿಪತ್ತು, ಆರೋಗ್ಯ, ಪರೀಕ್ಷೆ, ಉದ್ಯೋಗದ ಬಗ್ಗೆ ಸ್ಥಳೀಯ ಆಡಳಿತ ಕೊಡುವ ಮಾಹಿತಿ 'ಸುದ್ದಿ'ಯ ಲೆಕ್ಕಕ್ಕೆ ಬರುವುದಿಲ್ಲ. ಇರುವ ಈ ಬಾಗಿಲನ್ನೇ ನಾವು ಪೂರ್ತಿ ತೆರೆದಿಲ್ಲ.

ಎರಡು, ಕ್ಯಾಂಪಸ್ ರೇಡಿಯೊಗಳಿಗೆ ಸಾಮಾನ್ಯವಾಗಿ ಇರುವ ಅಪಾಯ. ಗೋಡೆಯೊಳಗೆ ಹುಟ್ಟಿದ ರೇಡಿಯೊ ಗೋಡೆಯೊಳಗಿನವರ ಹವ್ಯಾಸವಾಗಿಬಿಡಬಹುದು. ಸೆಮಿಸ್ಟರಿನ ಆರಂಭದಲ್ಲಿ ಇಪ್ಪತ್ತು ಉತ್ಸಾಹಿ ಆರ್‌ಜೆಗಳು ಬರುತ್ತಾರೆ, ಪರೀಕ್ಷೆಯ ಹೊತ್ತಿಗೆ ಇಬ್ಬರು ಉಳಿಯುತ್ತಾರೆ. ಊರವರನ್ನು ಸ್ಟುಡಿಯೊಗೆ ಕರೆದು 'ಅತಿಥಿ' ಮಾಡುತ್ತೇವೆ, ಮೈಕು ಮಾತ್ರ ನಮ್ಮ ಕೈಯಲ್ಲೇ ಇರುತ್ತದೆ.

ಮೂರು, ಭಾಷೆ. ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಹೇಳಲೇಬೇಕು. ಈ ಜಿಲ್ಲೆಯ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ. ಕೊರಗರಿಗೆ ಅವರದೇ ಭಾಷೆ ಉಂಟು. ಮೈಕಿನ ಮುಂದೆ ಕೂತ ಕೂಡಲೇ ನಾವು ಎಲ್ಲರನ್ನೂ ಪಠ್ಯಪುಸ್ತಕದ ಕನ್ನಡಕ್ಕೆ ದಬ್ಬಿದರೆ ಬಾಯಿ ಕಟ್ಟಿಹೋಗುತ್ತದೆ. ಕನ್ನಡ ಇಲ್ಲಿ ಎಲ್ಲರೂ ಬಂದು ಸೇರುವ ಚಾವಡಿಯ ಹಾಗೆ ಇರಲಿ. ಚಾವಡಿಯಲ್ಲಿ ಕೂತವರು ತಮ್ಮ ತಮ್ಮ ಮಾತಿನಲ್ಲೇ ಮಾತಾಡಲಿ.

ಇದನ್ನು ನಾನೂ ಪೆಟ್ಟು ತಿಂದೇ ಕಲಿತದ್ದು. ಹೋದ ಮಳೆಗಾಲ ಅಜ್ಜಿಯ ಹತ್ತಿರ ಮಲ್ಲಿಗೆಯ ಬಗ್ಗೆ ಮೊಬೈಲಿನಲ್ಲಿ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿದೆ. ಮೊದಲು ಕನ್ನಡದಲ್ಲಿ ಹೇಳಿ ಅಂದೆ. ಅಜ್ಜಿ ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ನಾಲ್ಕು ವಾಕ್ಯ ಹೇಳಿ ನಿಲ್ಲಿಸಿದರು. ತುಳುವಿನಲ್ಲಿ ಹೇಳಿ ಅಂದಮೇಲೆ ಮಾತು ನಿಲ್ಲಲೇ ಇಲ್ಲ. ಹಿಂದೆ ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದು. ಡಿಎಸ್‌ಪಿ ಲ್ಯಾಬಿನಲ್ಲಿ ಕಲಿತದ್ದನ್ನೆಲ್ಲ ಖರ್ಚು ಮಾಡಿ ಮಳೆಯನ್ನು ತೆಗೆದುಹಾಕಿದೆ. ಧ್ವನಿ ಸ್ವಚ್ಛ ಆಯಿತು. ಕೇಳಿದರೆ ಅಜ್ಜಿ ಯಾವುದೋ ಆಸ್ಪತ್ರೆಯ ರೂಮಿನಲ್ಲಿ ಕೂತು ಮಾತಾಡಿದ ಹಾಗಿತ್ತು. ಮಳೆಯನ್ನು ವಾಪಸ್ ಹಾಕಿದೆ.

ವಾರಕ್ಕೆ ಒಂದು ಗಂಟೆ

ಹಾಗಾದರೆ ನಾವು ಏನು ಮಾಡಬಹುದು? ಎಲ್ಲರೂ ಆರ್‌ಜೆ ಆಗಬೇಕಾಗಿಲ್ಲ.

ಇಸಿಯವರು ಅಗ್ಗದ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಹಿಡಿದು ಬಸ್ಸು ಹತ್ತಿ. ಮಣಿಪಾಲದಿಂದ ಕಾಪುವಿಗೆ, ಮಣಿಪಾಲದಿಂದ ಕಾರ್ಕಳಕ್ಕೆ. ಪ್ರತಿ ಸ್ಟಾಪಿನಲ್ಲಿ ಸಿಗ್ನಲ್ ಎಷ್ಟು ಅಂತ ಬರೆದುಕೊಂಡು ಒಂದು ನಕ್ಷೆ ಮಾಡಿ ಕೇಂದ್ರಕ್ಕೆ ಕೊಡಿ. ಎಲ್ಲಿ ಕೇಳುತ್ತದೆ, ಎಲ್ಲಿ ಇಲ್ಲ ಅಂತ ಗೊತ್ತಾದರೆ ಕಾರ್ಕಳಕ್ಕೆ ತನ್ನದೇ ಕೇಂದ್ರ ಬೇಕು ಅನ್ನುವ ವಾದಕ್ಕೂ ಬಲ ಬರುತ್ತದೆ. ಮಿನಿ ಪ್ರಾಜೆಕ್ಟಿಗೆ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ವಿಷಯಕ್ಕಿಂತ ಇದು ಎಷ್ಟೋ ವಾಸಿ.

ಇಇಇಯವರು, ಊರಿನ ಕರೆಂಟು ಎರಡು ದಿನ ಹೋದರೂ ಇಂಥ ಟ್ರಾನ್ಸ್‌ಮಿಟರ್ ನಡೆಯುವಂಥ ಸೋಲಾರ್ ಮತ್ತು ಬ್ಯಾಟರಿಯ ಲೆಕ್ಕ ಮಾಡಿ. ಟ್ರಾನ್ಸ್‌ಮಿಟರ್ ಒಂದು ಮಿಕ್ಸಿಗಿಂತ ಹೆಚ್ಚು ಕರೆಂಟ್ ಕೇಳುವುದಿಲ್ಲ. ಸಿಎಸ್‌ನವರು ಮೂರು ತಿಂಗಳ ಆಚೆಯೂ ಧ್ವನಿಗಳು ಉಳಿಯುವಂತೆ, ಊರು, ಭಾಷೆ, ವಿಷಯದ ಮೇಲೆ ಹುಡುಕುವಂತೆ ಒಂದು ಸಂಗ್ರಹ ಕಟ್ಟಿ. ಇವತ್ತು ಮಾತಾಡಿದ ಅಜ್ಜಿ ಹತ್ತು ವರ್ಷದ ನಂತರ ಇರುವುದಿಲ್ಲ. ಸಿವಿಲ್‌ನವರು ಇಂದ್ರಾಳಿ ಸೇತುವೆಯ ಬಗ್ಗೆ ವರ್ಷಗಟ್ಟಲೆ ಮೀಮ್ ಮಾಡಿದ್ದು ಸಾಕು. ಸೇತುವೆ ಯಾಕೆ ತಡವಾಗುತ್ತದೆ, ತೋಡು ಮುಚ್ಚಿ ಮನೆ ಕಟ್ಟಿದರೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಅಂಗಡಿಯ ಅಣ್ಣನಿಗೆ ಅರ್ಥವಾಗುವ ಹಾಗೆ ಐದು ನಿಮಿಷ ಹೇಳಿ ನೋಡೋಣ. ಅದು ವೈವಾಕ್ಕಿಂತ ಕಷ್ಟ. ಹೊರರಾಜ್ಯದಿಂದ ಬಂದ ಗೆಳೆಯರಿಗೂ ಕೆಲಸ ಉಂಟು. ಎಡಿಟಿಂಗ್ ಮಾಡುತ್ತಾ ಒಂದೇ ವಾಕ್ಯವನ್ನು ಹತ್ತು ಸಲ ಕೇಳಿದವರು ಕನ್ನಡ ಕಲಿಯುವಷ್ಟು ಬೇಗ ಬೇರೆ ಯಾರೂ ಕಲಿಯುವುದಿಲ್ಲ.

ಇದಕ್ಕೆಲ್ಲ ವಾರಕ್ಕೆ ಒಂದು ಗಂಟೆ ಸಾಕು. ರೀಲ್ಸ್ ನೋಡುವುದರಲ್ಲಿ ಒಂದೇ ದಿನ ಅದಕ್ಕಿಂತ ಹೆಚ್ಚು ಹೋಗುತ್ತದೆ, ನನ್ನದೂ ಸೇರಿ.

ನಾವು ನಾಲ್ಕು ವರ್ಷ ಈ ಊರಿನ ನೀರು ಕುಡಿದು, ಈ ಊರಿನ ಮಳೆಯಲ್ಲಿ ನೆನೆದು, ಡಿಗ್ರಿ ಹಿಡಿದುಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತೇವೆ. ಇಲ್ಲಿನವರ ಪಾಲಿಗೆ ನಾವು ಬಾಡಿಗೆ ಮನೆಯ ಮಕ್ಕಳು. ಬಾಡಿಗೆ ಮನೆಯವರಾದರೂ ಹೋಗುವಾಗ ಒಂದು ಬಲ್ಬಾದರೂ ಸರಿಮಾಡಿ ಹೋಗಬೇಕು, ಅಲ್ವಾ?

ಅಜ್ಜಿಯ ರೆಕಾರ್ಡಿಂಗ್ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲೇ ಉಂಟು, ಮಳೆಯ ಸದ್ದಿನ ಸಮೇತ. ಮುಂದಿನ ಶನಿವಾರ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಕೇಂದ್ರಕ್ಕೆ ಹೋಗುತ್ತಿದ್ದೇನೆ. ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಜೊತೆಗೆ ಬರುವವರು ಮಧ್ಯಾಹ್ನ ಎರಡಕ್ಕೆ ಕ್ಯಾಂಟೀನಿನ ಎದುರು ಸಿಗಿ. ಅವತ್ತು ಹೇಗೂ ಅರ್ಧ ದಿನ. ರಜೆ ಉಂಟಾ ಅಂತ ಯಾರನ್ನೂ ಕೇಳಬೇಕಾಗಿಲ್ಲ.